ಉಳಿದ ಐವತ್ತು ಪುಟ

ತ್ರಾಸಿ, ೧೯೬೮

ಅಬ್ಬಿ,

ನೀನು ತೀರಿಕೊಂಡ ಮೇಲೆ ಇವತ್ತೇ ಕುಂದಾಪುರದ ವಾಚನಾಲಯಕ್ಕೆ ಹೋದದ್ದು. ಆ ಕಾದಂಬರಿ ಅಲ್ಲೇ ಇತ್ತು, ದಂಡೆತ್ತಿ ಹೋದ ಅರಸನಿಗಾಗಿ ರಾಣಿ ಕಾಯುವ ಕತೆ. ನಾನು ನಿನಗೆ ಓದಿ ಹೇಳುತ್ತಿದ್ದರೆ, ತೆಂಗಿನ ಮಡಲು ಹೆಣೆಯುತ್ತಿದ್ದ ನಿನ್ನ ಕೈ ನಿಂತೇ ಹೋಗುತ್ತಿತ್ತು.

ಪುಸ್ತಕ ಹಿಂದೆ ಕೊಡುವ ದಿನ ಬಂದರೂ ಐವತ್ತು ಪುಟ ಉಳಿದಿತ್ತು. "ಕಡಿಗೆ ಎಂತ ಆಯ್ತ್ ಮಗಾ?" ಎಂದು ನೀನು ಕೇಳಿದೆ. ಬಸ್ಸಿನ ಗಡಿಬಿಡಿಯಲ್ಲಿ ನಾನು ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಅರಸ ಬರ್ಲೇ ಇಲ್ಲ. ರಾಣಿ ಕಾದ್ ಕಾದ್ ಸತ್ತೋದ್ಲ್."

ಬೊಂಬಾಯಿಯಿಂದ ಅಪ್ಪಯ್ಯನ ಕಾಗದ ಬಂತೇ ಎಂದು ಅಂಚೆಯವನನ್ನು ಕೇಳುವುದನ್ನು ನೀನು ಮರುದಿನವೇ ಬಿಟ್ಟೆ.

ಇವತ್ತು ಅಲ್ಲೇ ನಿಂತು ಕೊನೆಯ ಪುಟ ಓದಿದೆ. ಅರಸ ಬರುತ್ತಾನೆ, ಅಬ್ಬಿ.

ಪುಸ್ತಕ ಮನೆಗೆ ತಂದಿದ್ದೇನೆ. ಹದಿನೈದು ದಿನ ಇಟ್ಟುಕೊಳ್ಳಬಹುದಂತೆ.