ಟೊಮೇಟೊಗೆ ಚುಚ್ಚಿದ ಸಿರಿಂಜ್

ಮಾರ್ಚ್ 4, ಸಂಜೆ 6

ನಾಳಿನ ಪೇಪರಿನ ಐದನೇ ಪುಟ ಕಟ್ಟಿ ಮುಗಿಸಿದೆ. ಕುಲಾಂತರಿ ಟೊಮೇಟೊ ಸುದ್ದಿ. ಅಕ್ಕನ ಲ್ಯಾಬಿನದೇ — ರೋಗ ತಡೆಯುವ ತಳಿ, ಅವಳ ಹನ್ನೊಂದು ವರ್ಷದ ದುಡಿಮೆ. ವರದಿಗಾರ ಹದವಾಗಿಯೇ ಬರೆದಿದ್ದಾನೆ: ಪರೀಕ್ಷೆಯಲ್ಲಿ ಇದುವರೆಗೆ ತೊಂದರೆ ಕಂಡಿಲ್ಲ, ಇನ್ನೂ ಎರಡು ಹಂತ ಬಾಕಿ. ಮೂರು ಕಾಲಂ ಜಾಗ ಉಳಿದಿತ್ತು. ಹಳೇ ಫೋಲ್ಡರಿನಿಂದ ಟೊಮೇಟೊಗೆ ಸಿರಿಂಜ್ ಚುಚ್ಚಿದ ಫೋಟೊ ಎತ್ತಿ ಹಾಕಿದೆ. ಈ ವಿಷಯ ಬಂದಾಗಲೆಲ್ಲ ಅದನ್ನೇ ಹಾಕುವುದು. ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಅಕ್ಕ. ಅಮ್ಮ ನೋಡಿ ಹಿಗ್ಗುತ್ತಾಳೆ.

ಮಾರ್ಚ್ 5

ಅಕ್ಕನ ಫೋನ್. "ಟೊಮೇಟೊಗೆ ಯಾರೂ ಇಂಜೆಕ್ಷನ್ ಕೊಡಲ್ಲ ಕಣೋ! ನಮ್ಮ ಕೆಲಸ ನಡೆಯೋದು ಬೀಜಕ್ಕೂ ಮುಂಚೆ. ಯಾವ ಪುಣ್ಯಾತ್ಮ ಹಾಕಿದ್ದು ಆ ಫೋಟೊ?"

"ವಿಚಾರಿಸ್ತೀನಿ" ಅಂದೆ.

ವಿಚಾರಿಸುವುದಂತೆ. ಪುಟ ಕಟ್ಟಿದವನು ನಾನೇ.

ಮಾರ್ಚ್ 9

ಫೋಟೊ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ಸುದ್ದಿ ಕತ್ತರಿಸಿ, ಸಿರಿಂಜನ್ನೂ ಅಕ್ಕನನ್ನೂ ಉಳಿಸಿಕೊಂಡಿದ್ದಾರೆ. ಕೆಳಗೆ ಯಾರೋ ಬರೆದಿದ್ದಾರೆ — 'ವಿಷ ಚುಚ್ಚುವವಳು ಇವಳೇ'. ಶಾಲೆಯಲ್ಲಿ ಅಕ್ಕನ ಮಗಳ ಪಕ್ಕ ಊಟಕ್ಕೆ ಯಾರೂ ಕೂರುತ್ತಿಲ್ಲವಂತೆ. ಫೋನಿನಲ್ಲಿ ಅತ್ತಳು ಅಕ್ಕ. "ಇನ್ನೂ ವಿಚಾರಿಸ್ತಿದೀನಿ" ಅಂದೆ.

ಸಂಪಾದಕರು ಬೆನ್ನು ತಟ್ಟಿದರು. "ಜನ ಮಾತಾಡ್ತಿದಾರೆ ಅಂದ್ರೆ ಪುಟ ಗೆದ್ದಿದೆ ಕಣಯ್ಯಾ."

ಮಾರ್ಚ್ 17

ಅಕ್ಕನ ಲ್ಯಾಬಿನವರು ಟೊಮೇಟೊ ಬೆಳೆದಿದ್ದ ಪ್ರಯೋಗದ ತಾಕಿಗೆ ಜನ ನುಗ್ಗಿದ್ದಾರೆ. ಒಂದು ಗಿಡವನ್ನೂ ಬಿಟ್ಟಿಲ್ಲ. ಯೋಜನೆ ಬಂದ್.

ತಿದ್ದುಪಡಿ ಹಾಕಿ ಎಂದು ಗೋಗರೆದೆ. ಏಳನೇ ಪುಟದ ಮೂಲೆಯಲ್ಲಿ ಎರಡು ಸಾಲು ಕೊಟ್ಟರು: 'ಪ್ರಕಟವಾದದ್ದು ಸಾಂಕೇತಿಕ ಚಿತ್ರ'. ಯಾರು ಓದುತ್ತಾರೆ...

ಏಪ್ರಿಲ್ 2, ಭಾನುವಾರ

ಅಕ್ಕ ಬಂದಿದ್ದಳು. ಕೆಲಸ ಹೋದ ಮೇಲೆ ಮೊದಲ ಸಲ. ತಾನೇ ಅಡುಗೆ ಮಾಡಿ ಅಮ್ಮನಿಗೆ ಬಡಿಸಿದಳು. ಅಮ್ಮ ತಟ್ಟೆ ನೋಡುತ್ತ ಮೆಲ್ಲಗೆ ಕೇಳಿದಳು, "ತರಕಾರಿ ಎಲ್ಲಿಂದ ತಂದೆ?"

"ಇಲ್ಲೇ ಅಂಗಡಿಯಿಂದಮ್ಮಾ."

"ಹಾಗಾ... ಯಾಕೋ ಹಸಿವಿಲ್ಲ ಕಣೇ."

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅಮ್ಮ. ಅದು ಅಕ್ಕನಿಗೂ ಗೊತ್ತಿತ್ತು. ಅವಳ ಮುಖ ನೋಡಲಾಗಲಿಲ್ಲ. ಹೇಳಿಬಿಟ್ಟೆ —

"ಅಮ್ಮಾ, ಆ ಫೋಟೊ ಹಾಕಿದ್ದು ನಾನು. ಜಾಗ ತುಂಬಿಸೋಕೆ. ಅದು ಸುಳ್ಳು."

"ಅಕ್ಕನ್ನ ಉಳಿಸೋಕೆ ಹೀಗಂತೀಯ" ಎಂದಳು ಅಮ್ಮ. "ಪೇಪರಿನವರು ಸುಳ್ಳು ಯಾಕೋ ಹಾಕ್ತಾರೆ?"

ಅಮ್ಮ ನಂಬಲಿಲ್ಲ. ಅಕ್ಕ ನಂಬಿದಳು.

"ಒಂದು ತಿಂಗಳಿಂದ ನಿನ್ನ ಹತ್ರಾನೇ ಅಳ್ತಿದ್ನಲ್ಲೋ..."

ಅಷ್ಟೇ ಅಂದದ್ದು. ಬ್ಯಾಗ್ ತೆಗೆದುಕೊಂಡು ಹೊರಟಳು. ಗೇಟಿನ ತನಕ ಓಡಿದೆ. ತಿರುಗಿಯೂ ನೋಡಲಿಲ್ಲ.

ಈಗ ಒಳಗೆ ಸದ್ದು. ಅಕ್ಕ ಬಡಿಸಿದ್ದನ್ನು ಅಮ್ಮ ಕಸದ ಬುಟ್ಟಿಗೆ ಸುರಿಯುತ್ತಿದ್ದಾಳೆ. ತಡೆಯಬೇಕು. ಎದ್ದು ಹೋಗಿ ಅವಳ ಕೈ ಹಿಡಿಯಬೇಕು. ಇಲ್ಲಿ ಬರೆಯುತ್ತ ಕೂತಿದ್ದೇನೆ.