ನೀನು ನೋಡಿದ ಒಂದೇ ಒಂದು ಬಾಲ್

ಅಮ್ಮಾ,

ನಿನ್ನ ತಿಥಿ ಮುಗಿದು ವಾರವಾಯಿತು. ನನಗಿನ್ನೂ ಅಳು ಬಂದಿಲ್ಲ. ವಿಜಯನಗರದ ಮನೆಗೆ ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. "ದೇಶಕ್ಕೆ ಆಡ್ದೋಳು, ಗಟ್ಟಿಗಿತ್ತಿ" ಎಂದರು ಪಕ್ಕದ ಮನೆಯ ಜಯಮ್ಮ ಆಂಟಿ. ಗಟ್ಟಿಯೂ ಇಲ್ಲ, ಏನೂ ಇಲ್ಲ. ಕಾಫಿ ಕುಡಿದರೆ ಬಿಸಿ ಎಂದಷ್ಟೇ ಗೊತ್ತಾಗುತ್ತದೆ.

ಪ್ರತಿ ಟೂರಿಗೆ ಮುಂಚೆ ನನ್ನನ್ನು ಬಾಗಿಲಲ್ಲಿ ಕೂರಿಸಿ ದೃಷ್ಟಿ ತೆಗೆಯುತ್ತಿದ್ದೆ, ನೆನಪಿದೆಯಾ? ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ. "ನಾಯಿ ಕಣ್ಣು, ನರಿ ಕಣ್ಣು, ತಾಯಿ ಕಣ್ಣು..."

"ನಿನ್ ಕಣ್ಣೂ ಸೇರಿಸ್ಕೊಂಡ್ಯಾ?" ಎಂದು ನಾನು ನಗುತ್ತಿದ್ದೆ.

"ಹೂಂ ಕಣೇ. ಎಲ್ಲಕ್ಕಿಂತ ಜೋರಾಗಿ ತಾಗೋದು ಅದೇ."

ಅದಕ್ಕೇ ನೀನು ನನ್ನ ಮ್ಯಾಚ್ ನೋಡುತ್ತಿರಲಿಲ್ಲ. ಎಂಟು ವರ್ಷ ಇಂಡಿಯಾಗೆ ಆಡಿದೆ, ಬ್ಯಾಟಿಂಗ್ ಬೌಲಿಂಗ್ ಎರಡೂ. ನೀನು ಅಡುಗೆಮನೆಯ ಕಿಟಕಿಯಿಂದ ಜಯಮ್ಮ ಆಂಟಿಯನ್ನು ಕೂಗಿ ಕೇಳುತ್ತಿದ್ದದ್ದು ಒಂದೇ: "ಇದಾಳಾ?" ಔಟಾಗದೆ ಉಳಿದಿದ್ದೇನಾ ಎಂದು. ಮೂರು ವಾರದ ಹಿಂದೆ ಕ್ಯಾಂಪಿನಲ್ಲಿದ್ದಾಗ ಆಸ್ಪತ್ರೆಯಿಂದ ಅಣ್ಣನ ಫೋನ್ ಬಂತು. ನನ್ನ ಬಾಯಿಗೆ ಬಂದದ್ದೂ ಅದೇ. "ಅಮ್ಮ ಇದಾಳಾ?" ಅವನು ಅಳತೊಡಗಿದ.

ಆ ಫೈನಲ್ ದಿನ ಮಾತ್ರ ಜಯಮ್ಮ ಆಂಟಿ ನಿನ್ನನ್ನು ಎಳೆದುಕೊಂಡು ಹೋಗಿ ಟೀವಿ ಮುಂದೆ ಕೂರಿಸಿದರಂತೆ. "ಫೈನಲ್ಲು ಕಣ್ರೀ, ಇವತ್ತಾದ್ರೂ ನೋಡಿ." ನಾನು ಮೊದಲ ಬಾಲಿಗೇ ಬೌಲ್ಡ್. ನಾವು ಸೋತೆವು. ಮುಂದಿನ ಟೀಮಿನಲ್ಲಿ ನನ್ನ ಹೆಸರಿರಲಿಲ್ಲ, ಆಮೇಲೂ ಎಂದೂ ಬರಲಿಲ್ಲ. "ನನ್ ಕಣ್ಣೇ ತಾಗ್ತು" ಎಂದೆ ನೀನು. ನಾನು ಕೋಚ್ ಆದ ಮೇಲೂ, ಟೀವಿಯಲ್ಲಿ ಕಂಡರೆ ನೀನು ಎದ್ದು ಹೋಗುತ್ತಿದ್ದೆ. ಈಗ ನಾನು ಆಡುವುದಿಲ್ಲವಲ್ಲ ಎಂದರೂ... ಕೊನೆಯ ಸಲ ಕ್ಯಾಂಪಿಗೆ ಹೊರಟಾಗಲೂ ನೀನು ನನ್ನನ್ನು ಸರಿಯಾಗಿ ನೋಡಲಿಲ್ಲ.

ನಾನೇಕೆ ಸುಮ್ಮನಿದ್ದೆ? ಆ ಫೈನಲಿನ ಹಿಂದಿನ ದಿನ ನೆಟ್ಸ್‌ನಲ್ಲಿ ಬಾಲ್ ಬಡಿದು ನನ್ನ ಹೆಬ್ಬೆರಳು ಮುರಿದಿತ್ತಮ್ಮಾ. ಹೇಳಿದರೆ ಆಡಿಸುವುದಿಲ್ಲವೆಂದು ಯಾರಿಗೂ ಹೇಳಲಿಲ್ಲ. ಮರುದಿನ ಬ್ಯಾಟ್ ಹಿಡಿಯಲಿಕ್ಕೇ ಆಗಲಿಲ್ಲ. ಟೀಮಿಗೆ ಮೋಸ ಮಾಡಿದೆ ಎಂದು ಗೊತ್ತಾದರೆ ಮಾನ ಹೋಗುತ್ತಿತ್ತು. ನೀನು ನಿನ್ನ ಕಣ್ಣನ್ನೇ ಬೈದುಕೊಂಡಾಗ ನನಗೆ ಅನುಕೂಲವೇ ಆಯಿತು. ಇಷ್ಟು ವರ್ಷ ಆ ತಪ್ಪನ್ನು ನಿನ್ನ ಮೇಲೇ ಬಿಟ್ಟೆ.

ನಿನ್ನೆ ಕೆಂಗೇರಿಯ ಗ್ರೌಂಡಿನಲ್ಲಿ ಪ್ರಾಕ್ಟೀಸ್ ಮುಗಿದರೂ ನಮ್ಮ ಟೀಮಿನ ಕೀಪರ್ ಗ್ಲೌಸ್ ತೆಗೆಯಲಿಲ್ಲ. ತೆಗೆಸಿದೆ. ಬೆರಳು ಬದನೆಕಾಯಿಯಂತೆ ಊದಿತ್ತು. "ಏನಿಲ್ಲ ಮ್ಯಾಮ್, ಆಡ್ತೀನಿ." ಬೇಡವೆಂದೆ. ಅವಳು ಅತ್ತಳು. ಆಗ ಎಲ್ಲ ಹುಡುಗಿಯರ ಮುಂದೆ ನನ್ನ ಹೆಬ್ಬೆರಳಿನ ಕಥೆ ಹೇಳಿದೆ, ಮೊದಲ ಸಲ.

ಒಬ್ಬಳು ಕೇಳಿದಳು, "ಮನೇಲಿ ಏನಂದ್ರು ಮ್ಯಾಮ್?"

"ಅಮ್ಮಂಗೆ ಇನ್ನೂ ಹೇಳಿಲ್ಲ" ಅಂದುಬಿಟ್ಟೆ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೆಲ್ಲ ತಿಥಿಗೆ ಬಂದು ಊಟ ಮಾಡಿ ಹೋದವರೇ.

ಈಗ ಹೇಳಿದ್ದೇನೆ. ನಿನ್ನ ಕಣ್ಣು ತಾಗಿರಲಿಲ್ಲ. ಭಾನುವಾರ ಮ್ಯಾಚ್ ಇದೆ, ನೋಡಮ್ಮಾ.