ಬಿಸ್ಕತ್ತಿನ ಡಬ್ಬಿಯ ಮಂತ್ರವಾದಿ

ಲೋ ದಾಳಪ್ಪಾ,

ಇವತ್ತು ನಿನ್ನ ಮನೆಗೆ ಹೋಗಿದ್ದೆ. ನೀನು ಹೋಗಿ ಐದು ತಿಂಗಳಾದ ಮೇಲೆ, ಅದೂ ನಿನ್ನ ಹೆಂಡತಿ ಮೂರು ಸಲ ಫೋನ್ ಮಾಡಿದ ಮೇಲೆ. "ಈ ಗೊಂಬೆಗಳೆಲ್ಲ ನಿಮಗೇ ಸೇರಬೇಕಂತೆ" ಅಂತ ಅತ್ತಿಗೆ ಪೆಟ್ಟಿಗೆ ತಂದಿಟ್ಟರು.

ರಾಕ್ಷಸರು, ಕುಳ್ಳರು, ರೆಕ್ಕೆ ಮುರಿದ ಡ್ರ್ಯಾಗನ್, ಮೇಜಿನ ಮೇಲೆ ದಾಳ ಉರುಳಿಸಿ ನಾವು ಆಡಿಸುತ್ತಿದ್ದ, ಬಣ್ಣ ಬಳಿದೇ ಮಾರುವ ಆ ಬೆರಳುದ್ದದ ಸೈನ್ಯವೆಲ್ಲ ಹತ್ತಿಯೊಳಗೆ ಬೆಚ್ಚಗಿತ್ತು. ನಾನು ಮೊದಲು ಹುಡುಕಿದ್ದು ಬಿಸ್ಕತ್ತಿನ ಡಬ್ಬಿಯನ್ನು. ಆಟದಲ್ಲಿ ಸತ್ತವರನ್ನು ಅದರೊಳಗೆ ಹಾಕಿದರೆ ಮತ್ತೆ ತೆಗೆಯುವ ಹಾಗಿಲ್ಲ ಅಂತ ನಿಯಮ ಮಾಡಿದವನು ನೀನೇ.

ನಮ್ಮ ಕೊನೆಯ ಆಟದಲ್ಲಿ ನಿನ್ನ ಮಂತ್ರವಾದಿಯನ್ನು ಡ್ರ್ಯಾಗನ್ ಬಾಯಿಗೆ ಬಿಟ್ಟು ನನ್ನ ಈಟಿಯವನು ಸೇತುವೆ ದಾಟಿ ಓಡಿದ್ದ. "ಪ್ಲಾಸ್ಟಿಕ್ ಗೊಂಬೆಗೆ ಇಷ್ಟೊಂದು ರಂಪ ಯಾಕೋ?" ಅಂತ ನಿನ್ನ ಮೇಲೆ ರೇಗಿ ಎದ್ದು ಬಂದ ನಾನು ಮತ್ತೆ ಆ ಕಡೆ ಸುಳಿಯಲಿಲ್ಲ. ನೀನು ಆಸ್ಪತ್ರೆ ಸೇರಿದಾಗ ಅಲ್ಲಿಗೂ ಬರಲಿಲ್ಲ.

ಸಿಟ್ಟಿಗೆ ನನ್ನವನನ್ನು ಡಬ್ಬಿಗೆ ಹಾಕಿರುತ್ತೀಯ ಅಂದುಕೊಂಡಿದ್ದೆ. ಅವನು ಹೊರಗೇ ಇದ್ದ. ಸದಾ ಬಗ್ಗಿರುತ್ತಿದ್ದ ಅವನ ಈಟಿಯನ್ನು ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿಟ್ಟಿದ್ದೀಯ. ಡಬ್ಬಿಯಲ್ಲಿ ನಿನ್ನ ಮಂತ್ರವಾದಿ ಒಬ್ಬನೇ ಮಲಗಿದ್ದ.

"ಇದರಲ್ಲಿ ಅವರದು ಯಾವುದು?" ಅತ್ತಿಗೆ ಕೇಳಿದರು. "ಅದೊಂದನ್ನ ನಾನು ಇಟ್ಕೋತೀನಿ."

ನಾನು ಡಬ್ಬಿಯ ಮುಚ್ಚಳ ಒತ್ತಿದೆ. "ಗೊತ್ತಿಲ್ಲ ಅತ್ತಿಗೆ" ಅಂದು, ಪೆಟ್ಟಿಗೆ ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರಿ ಇಳಿದೆ.